ಲಿವರ್ ಎಲ್ಲಿ ನಿಂತಿತು? ಮಾರ್ಲಿನ್ 336 ಸಿಕ್ಕಿಕೊಂಡಾಗ ದೋಷ ಹುಡುಕುವ ಬಗೆ

ಲಿವರ್ ರೈಫಲ್ (ಟ್ರಿಗರ್ ಸುತ್ತಲಿನ ಹಿಡಿಯನ್ನು ಮುಂದಕ್ಕೆ ತಳ್ಳಿ ವಾಪಸ್ ಎಳೆದು ತೋಟಾ ಬದಲಿಸುವ ಬಂದೂಕು) ಸಿಕ್ಕಿಕೊಂಡಾಗ ಮೊದಲು ಮಾಡಬೇಕಾದ ಕೆಲಸ ಕೈ ನಿಲ್ಲಿಸುವುದು. ಬಹಳ ಮಂದಿ ಅದನ್ನು ಮಾಡುವುದಿಲ್ಲ. ಲಿವರ್ ಅಲ್ಲಾಡದಿದ್ದರೆ ಇನ್ನಷ್ಟು ಒತ್ತುತ್ತಾರೆ, ಮಂಡಿಗೆ ಊರಿ ಎಳೆಯುತ್ತಾರೆ, ಕೊನೆಗೆ ಮರದ ಸುತ್ತಿಗೆಗೂ ಕೈ ಹಾಕುತ್ತಾರೆ. ಹಾಗೆ ಮಾಡಿದರೆ ಒಳಗಿನ ತೋಟಾ ನೆಗ್ಗುತ್ತದೆ, ಸ್ಕ್ರೂ ಬಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ: ಲಿವರ್ ಯಾವ ಜಾಗದಲ್ಲಿ ನಿಂತಿತ್ತು ಎಂಬ ಸುಳಿವೇ ಅಳಿಸಿಹೋಗುತ್ತದೆ. ಈ ಯಂತ್ರದಲ್ಲಿ ಪ್ರತಿ ಭಾಗಕ್ಕೂ ಲಿವರಿನ ಓಟದಲ್ಲಿ ತನ್ನದೇ ಸರದಿ ಇದೆ. ಓಟ ಎಲ್ಲಿ ನಿಂತಿತೋ ಅಲ್ಲಿ ಯಾರ ಸರದಿಯಿತ್ತು ಎಂದು ನೋಡಿದರೆ ಅರ್ಧ ರೋಗ ಸಿಕ್ಕಂತೆ.

ಇಲ್ಲಿ ಮುಖ್ಯವಾಗಿ ಹೇಳುವುದು ಮಾರ್ಲಿನ್ 336 ಎಂಬ ಲಿವರ್ ರೈಫಲ್‌ನ ವಿಷಯ, ಅದರಲ್ಲೂ 30-30 ಎಂಬ ಅಳತೆಯ ತೋಟಾದ್ದು. 1948ರಲ್ಲಿ ಬಂದ ಈ ಮಾದರಿ ಅಮೆರಿಕದ ಜಿಂಕೆ ಬೇಟೆಯ ಕಾಡುಗಳಲ್ಲಿ ವಿಂಚೆಸ್ಟರ್ 94 ಎಂಬ ಇನ್ನೊಂದು ಲಿವರ್ ರೈಫಲ್‌ನ ಜೋಡಿ ಎನ್ನಬಹುದು. ನಾನಿರುವ ಪೆನ್ಸಿಲ್ವೇನಿಯಾದಲ್ಲಿ ಜಿಂಕೆಗೆ ಸೆಮಿ ಆಟೋಮ್ಯಾಟಿಕ್ (ಒಂದು ಈಡು ಹಾರಿದೊಡನೆ ತಾನೇ ಮುಂದಿನ ತೋಟಾ ತುಂಬಿಕೊಳ್ಳುವ) ರೈಫಲ್ ಬಳಸುವಂತಿಲ್ಲ. ಹಾಗಾಗಿ ಅಜ್ಜನಿಂದ ಮೊಮ್ಮಗನಿಗೆ ಬಂದ ಲಿವರ್ ರೈಫಲ್‌ಗಳು ಇಲ್ಲಿ ಇನ್ನೂ ನಿಜವಾಗಿ ಕಾಡಿಗೆ ಹೋಗುತ್ತವೆ, ಗೋಡೆಯ ಅಲಂಕಾರವಾಗಿ ಉಳಿದಿಲ್ಲ. ಕಾಡಿಗೆ ಹೋಗುವ ಯಂತ್ರ ಸವೆಯುತ್ತದೆ, ಸಿಕ್ಕಿಕೊಳ್ಳುತ್ತದೆ. ಇಲ್ಲಿನ ಕನ್ನಡಿಗ ಗೆಳೆಯರಿಗೆ ನಡುವೆ ಒಂದು ಮಾತು: ಎಚ್-1ಬಿಯಂಥ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳಬಾರದೆಂಬುದು ಇಲ್ಲಿನ ಫೆಡರಲ್ ಕಾನೂನಿನ ಸಾಮಾನ್ಯ ನಿಯಮ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ಅದರಲ್ಲಿ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇದ್ದವರಿಗೆ ಆ ತೊಡಕಿಲ್ಲ. ಇದನ್ನು ತಿಳಿಯದೆ ಹಳೆ ಮಾರ್ಲಿನ್ ನೋಡಿ ಮನಸೋತು ಅಂಗಡಿಗೆ ಹೋಗಬೇಡಿ.

ಕೈ ಹಾಕುವ ಮುಂಚೆ

ಸಿಕ್ಕಿಕೊಂಡ ಬಂದೂಕು ತುಂಬಿದ ಬಂದೂಕೇ. ನಳಿಗೆಯ ಬಾಯಿ ಯಾರೂ ಇಲ್ಲದ ಕಡೆಗಿರಲಿ, ಬೆರಳು ಟ್ರಿಗರ್‌ನಿಂದ ದೂರವಿರಲಿ, ಕಣ್ಣಿಗೆ ಕನ್ನಡಕವಿರಲಿ. ಬೋಲ್ಟ್ (ನಳಿಗೆಯ ಹಿಂಬಾಯಿ ಮುಚ್ಚುವ ಉಕ್ಕಿನ ದಿಂಡು) ಪೂರ್ತಿ ಮುಚ್ಚಿ, ನಳಿಗೆಯಲ್ಲಿ ತೋಟಾ ಕೂತಿದ್ದು, ಲಿವರ್ ಒಂದಿಷ್ಟೂ ತೆರೆಯುತ್ತಿಲ್ಲ ಎಂದಾದರೆ ಮುಂದೆ ಓದುವುದನ್ನು ಬಿಟ್ಟು ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್ ಹತ್ತಿರ ಹೋಗಿ. ಆದರೆ ಹಾಗೇ ಕಾರಿನಲ್ಲಿಟ್ಟುಕೊಂಡು ಹೊರಡಬೇಡಿ. ಮೊದಲು ಅವರಿಗೆ ಫೋನ್ ಮಾಡಿ, ತುಂಬಿರುವ ಬಂದೂಕು ಎಂದು ತಿಳಿಸಿ, ಅವರು ಹೇಳಿದಂತೆ ಮಾಡಿ.

ಕರ್ನಾಟಕದ ಓದುಗರಿಗೆ ಮಾತು ಬೇರೆ. 1972ರ ವನ್ಯಜೀವಿ ಕಾಯ್ದೆಯ ನಂತರ ಷಿಕಾರಿ ಮುಗಿದ ಕಥೆ. ಬಂದೂಕು ರಿಪೇರಿಯನ್ನು ವೃತ್ತಿಯಾಗಿ ಮಾಡಲು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರತ್ಯೇಕ ಲೈಸೆನ್ಸ್ ಬೇಕು. ಅಲ್ಲಿ ಒರೆಸುವುದು, ಎಣ್ಣೆ ಹಚ್ಚುವುದು ನಿಮ್ಮ ಕೆಲಸ. ಬಿಡಿಭಾಗ ಬದಲಿಸುವುದು ಲೈಸೆನ್ಸ್ ಇದ್ದವರ ಕೆಲಸ. ಕೈಲ್‌ಪೊಳ್ದ್‌ಗೆ ಕೋವಿ ತೊಳೆದು ಹೂವಿಟ್ಟು ಪೂಜಿಸುವ ಕೊಡಗಿನ ಮನೆಗಳಿಗೆ ಒರೆಸುವ ಪಾಠವನ್ನು ಯಾರೂ ಹೇಳಿಕೊಡಬೇಕಿಲ್ಲ.

ಪರೀಕ್ಷೆಗೆಲ್ಲ ಡಮ್ಮಿ ತೋಟಾ ಬೇಕು. ಅದೇ ಅಳತೆ, ಅದೇ ಮೂತಿಯ ಆಕಾರ, ಮದ್ದೂ, ಅದಕ್ಕೆ ಕಿಡಿ ಹೊತ್ತಿಸುವ ಪ್ರೈಮರೂ ಇಲ್ಲದ್ದು. ನಿಜವಾದ ತೋಟಾ ಹಾಕಿ ಮನೆಯ ಮೇಜಿನ ಮೇಲೆ ಲಿವರ್ ಆಡಿಸಿ ನೋಡುವವರನ್ನು ಕಂಡರೆ ನಾನು ಆ ಕೋಣೆಯಿಂದ ಎದ್ದು ಹೋಗುತ್ತೇನೆ.

ಓಟದ ಸರದಿ

ಲಿವರ್ ಮುಂದಕ್ಕೆ ಹೋಗುವಾಗ ಮೊದಲು ಲಾಕಿಂಗ್ ಬೋಲ್ಟ್ ಕೆಳಗಿಳಿದು ಬೀಗ ಬಿಡುತ್ತದೆ. ಆಮೇಲೆ ಬೋಲ್ಟ್ ಹಿಂದೆ ಸರಿಯುತ್ತದೆ, ಹಾರಿದ ತೋಟಾದ ಖಾಲಿ ಕೋಶವನ್ನು ಎಕ್ಸ್‌ಟ್ರ್ಯಾಕ್ಟರ್ ಎಳೆದು ತರುತ್ತದೆ, ಎಜೆಕ್ಟರ್ ಅದನ್ನು ಬಲಗಡೆಯ ಕಿಂಡಿಯಿಂದ ಹೊರಗೆ ಹಾರಿಸುತ್ತದೆ. ಅಷ್ಟರಲ್ಲಿ ನಳಿಗೆಯ ಕೆಳಗಿನ ಕೊಳವೆಯಿಂದ ಹೊಸ ತೋಟಾ ಜಾರಿ ಕ್ಯಾರಿಯರ್ ಎಂಬ ಎತ್ತುವ ತಟ್ಟೆಯ ಮೇಲೆ ಮಲಗುತ್ತದೆ. ಲಿವರ್ ವಾಪಸ್ ಬರುವಾಗ ಕ್ಯಾರಿಯರ್ ತನ್ನ ಮೂತಿ ಎತ್ತಿ ತೋಟಾವನ್ನು ನಳಿಗೆಯ ಹಿಂಬಾಯಿಗೆ ಒಡ್ಡುತ್ತದೆ, ಬೋಲ್ಟ್ ಅದನ್ನು ಒಳಗೆ ತಳ್ಳುತ್ತದೆ, ಕಡೆಗೆ ಲಾಕಿಂಗ್ ಬೋಲ್ಟ್ ಏರಿ ಬೀಗ ಬೀಳುತ್ತದೆ.

ಹೀಗಾಗಿ ಲಿವರ್ ಸಲೀಸಾಗಿ ತೆರೆದುಕೊಂಡು ಮುಚ್ಚುವಾಗ ನಡುವೆ ನಿಂತರೆ ಅನುಮಾನ ಕ್ಯಾರಿಯರ್ ಮೇಲೆ, ಇಲ್ಲವೇ ತೋಟಾದ ಉದ್ದದ ಮೇಲೆ. ಮುಚ್ಚುವ ಕೊನೆಯ ಕಾಲು ಇಂಚಿನಲ್ಲಿ ಬಿಗಿಯಾದರೆ ತೋಟಾದ ಮೈ ನೆಗ್ಗಿದೆ, ಗುಂಡು ತುಸು ಮುಂದಕ್ಕೆ ಕೂತಿದೆ, ಅಥವಾ ಚೇಂಬರ್‌ನಲ್ಲಿ (ನಳಿಗೆಯ ಬುಡದಲ್ಲಿ ತೋಟಾ ಕೂರುವ ಗೂಡು) ಕೊಳೆ ಇದೆ. ತೆರೆಯಲು ಶುರುವಿನಲ್ಲೇ ಹಠ ಹಿಡಿದರೆ ಖಾಲಿ ಕೋಶ ಚೇಂಬರ್ ಗೋಡೆಗೆ ಅಂಟಿದೆ. ಮದ್ದು ಜಾಸ್ತಿಯಾಗಿ ಹೀಗಾಗಿದ್ದರೆ ಆ ತೋಟಾಗಳ ಡಬ್ಬಿಯನ್ನೇ ಪಕ್ಕಕ್ಕಿಡಿ. ತೆರೆಯುವುದೂ ಇಲ್ಲ, ಮುಚ್ಚುವುದೂ ಇಲ್ಲ, ನಡುವೆ ಕಲ್ಲಿನಂತೆ ನಿಂತಿದೆ ಎಂದರೆ ಅದು ಮಾರ್ಲಿನ್ ಬಳಗದ ಹಳೇ ಕಾಯಿಲೆ. ಬಂದೂಕಿನವರು ಅದನ್ನು ‘ಮಾರ್ಲಿನ್ ಜಾಮ್’ ಎಂದೇ ಕರೆಯುತ್ತಾರೆ.

ಅದಕ್ಕೆ ಹೋಗುವ ಮೊದಲು ಕೈಯನ್ನು ಅನುಮಾನಿಸಿ. ನನ್ನ ಲೆಕ್ಕದಲ್ಲಿ ಹೆಚ್ಚಿನ ದೂರುಗಳಿಗೆ ಕಾರಣ ಲಿವರನ್ನು ಪೂರ್ತಿ ತೆರೆಯದಿರುವುದು. ಮುಕ್ಕಾಲು ತೆರೆದು ಹಿಂದಕ್ಕೆ ತಂದರೆ ಖಾಲಿ ಕೋಶ ಹಾರುವುದಿಲ್ಲ, ಹೊಸದು ಬರುವುದಿಲ್ಲ, ಅಥವಾ ಎರಡೂ ಬಾಯಲ್ಲಿ ಮುಖಾಮುಖಿ ಆಗುತ್ತವೆ. ದಪ್ಪ ಕೈಗವಸು, ಮರದ ಮೇಲಿನ ಇಕ್ಕಟ್ಟಾದ ಮಚಾನು, ಎದುರಿಗೆ ಜಿಂಕೆ ಎಂದರೆ ಯಾರ ಕೈಯೂ ಅರ್ಧಕ್ಕೇ ವಾಪಸಾಗುತ್ತದೆ. ಮೆಲ್ಲಗೆ, ಸದ್ದಾಗಬಾರದೆಂದು ಆಡಿಸುವವರಿಗೆ ಇದು ಇನ್ನೂ ಜಾಸ್ತಿ. ಈ ಯಂತ್ರಕ್ಕೆ ನಾಜೂಕು ಹಿಡಿಸುವುದಿಲ್ಲ. ಕಡೆಯವರೆಗೆ ಗಟ್ಟಿಯಾಗಿ ತೆರೆದು ಅಷ್ಟೇ ಗಟ್ಟಿಯಾಗಿ ಮುಚ್ಚಬೇಕು.

ಕೈ ಸರಿಯಿದ್ದರೆ ಮುಂದೆ ತೋಟಾ. 30-30ರ ಒಟ್ಟು ಉದ್ದದ ಮಿತಿ 2.550 ಇಂಚು. ಅದಕ್ಕಿಂತ ಉದ್ದವಾದರೆ ಕ್ಯಾರಿಯರ್ ಮೇಲೆ ಹಿಡಿಯದು. ಬಹಳ ಗಿಡ್ಡವಾದರೂ ತೊಂದರೆ, ಏಕೆಂದರೆ ಕ್ಯಾರಿಯರ್ ಮೇಲೆ ಮಲಗಿದ ತೋಟಾವೇ ತನ್ನ ಹಿಂದಿನದಕ್ಕೆ ಅಡ್ಡವಾಗಿ ನಿಲ್ಲಬೇಕು. ಪಿಸ್ತೂಲು ತೋಟಾ ನುಂಗುವ ಮಾರ್ಲಿನ್ 1894 ಎಂಬ ಮಾದರಿಯಲ್ಲಿ ಇದು ಇನ್ನೂ ಸೂಕ್ಷ್ಮ. 357 ಮ್ಯಾಗ್ನಮ್‌ಗೆ ಮಾಡಿದ ಬಂದೂಕಿಗೆ ಅದಕ್ಕಿಂತ ಗಿಡ್ಡದಾದ 38 ಸ್ಪೆಷಲ್ ಹಾಕಿ ‘ಫೀಡ್ ಆಗಲ್ಲ’ ಎನ್ನುವವರು ಮೊದಲು ಮ್ಯಾಗ್ನಮ್ ತೋಟಾದಲ್ಲೇ ಪರೀಕ್ಷಿಸಲಿ. ಇನ್ನು ಚೂಪು ಮೂತಿಯ ಗುಂಡು ಕೊಳವೆಯೊಳಗೆ ಬೇಡವೇ ಬೇಡ. ಒಂದರ ಮೂತಿ ಮುಂದಿನದರ ಪ್ರೈಮರ್‌ಗೆ ಒತ್ತಿಕೊಂಡು ನಿಲ್ಲುತ್ತದೆ, ಹಿಮ್ಮೆಟ್ಟಿನ ಪೆಟ್ಟಿಗೆ ಕೊಳವೆಯಲ್ಲೇ ಸಿಡಿಯಬಹುದು. ಚಪ್ಪಟೆ ಮೂತಿ, ಇಲ್ಲವೇ ಲಿವರ್ ರೈಫಲ್‌ಗೆಂದೇ ಮಾಡಿದ ಮೆತ್ತನೆ ತುದಿಯದು ಮಾತ್ರ.

ಮಾರ್ಲಿನ್ ಜಾಮ್

ದೂರದ ಗೆಳೆಯರೊಬ್ಬರು ಫೋನಿನಲ್ಲಿ ಹೇಳಿದ್ದು ಹೀಗೆ: “ಹಿಂದಕ್ಕೂ ಬರಲ್ಲ, ಮುಂದಕ್ಕೂ ಹೋಗಲ್ಲ ಮಾರಾಯ, ಒಳಗೆ ಏನೋ ಕಚ್ಚಿ ಹಿಡಿದ ಹಾಗಿದೆ.” ಈ ವಿವರಣೆ ಕೇಳಿದ ತಕ್ಷಣ ಕೇಳಬೇಕಾದ ಪ್ರಶ್ನೆ ಒಂದೇ: ಕಿಂಡಿಯಿಂದ ಟಾರ್ಚ್ ಹಾಕಿದರೆ ಎಷ್ಟು ತೋಟಾ ಕಾಣುತ್ತವೆ? ಒಂದು ಕಾಣಬೇಕಾದಲ್ಲಿ ಎರಡನೆಯದರ ಹಿತ್ತಾಳೆಯ ಅಂಚೂ ಕೆಳಗೆ ಮಿಂಚುತ್ತಿದ್ದರೆ ರೋಗ ಖಾತ್ರಿ. ತನ್ನ ಸರದಿಗಿಂತ ಮೊದಲೇ ಕೊಳವೆಯಿಂದ ನುಸುಳಿದ ತೋಟಾ ಕ್ಯಾರಿಯರ್ ಮೂತಿಯ ಕೆಳಗೆ ಸೇರಿಕೊಂಡು ಬೆಣೆ ಹೊಡೆದಂತೆ ಕೂತಿದೆ.

ಹೀಗೇಕಾಗುತ್ತದೆ? ಲಿವರಿನ ಮೇಲ್ಭಾಗದ ಬಾಗು ಅಂಚು ಕ್ಯಾರಿಯರ್‌ನ ತಳಕ್ಕೆ ಉಜ್ಜುತ್ತಾ ಅದರ ಎತ್ತರವನ್ನು ಹತೋಟಿಯಲ್ಲಿಡುತ್ತದೆ. ಕಾರ್ಖಾನೆಯಿಂದ ಬರುವಾಗ ಆ ಅಂಚು ಕೆಲವು ಬಂದೂಕುಗಳಲ್ಲಿ ಚೂಪಾಗೇ ಉಳಿದಿರುತ್ತದೆ. ಪ್ರತಿ ಸಲ ಲಿವರ್ ಆಡಿದಾಗ ಅದು ಕ್ಯಾರಿಯರ್ ತಳವನ್ನು ಉಳಿಯಂತೆ ಕೆರೆದು ಕೆರೆದು ಸಣ್ಣ ಗೀರು ಮಾಡುತ್ತದೆ, ಗೀರು ಕಾಲುವೆಯಾಗುತ್ತದೆ. ಕಾಲುವೆಯ ಆಳ ಉಗುರಿಗೆ ಸಿಕ್ಕೀತೋ ಇಲ್ಲವೋ ಎಂಬಷ್ಟು. ಆದರೆ ಕ್ಯಾರಿಯರ್ ಹಿಂದುಗಡೆ ಸ್ಕ್ರೂ ಮೇಲೆ ತೂಗುವ ಭಾಗ. ಏತದಲ್ಲಿ ಗೂಟದ ಹತ್ತಿರ ಬೆರಳಷ್ಟು ಇಳಿದರೆ ತುದಿಯ ಕೊಡ ಮೊಳದಷ್ಟು ಇಳಿಯುತ್ತದಲ್ಲ, ಅದೇ ಲೆಕ್ಕ ಇಲ್ಲಿಯೂ. ಮೂತಿಯ ಎತ್ತರ ತಪ್ಪಿತೆಂದರೆ ಕೊಳವೆಯ ಬಾಯಿಗೆ ಕಾವಲು ತಪ್ಪಿತು.

ಬಿಡಿಸುವ ಕ್ರಮ ಹೀಗೆ. ಬೋಲ್ಟ್ ಸ್ವಲ್ಪವಾದರೂ ಹಿಂದೆ ಸರಿದಿದ್ದು, ಚೇಂಬರ್ ಖಾಲಿ ಇದೆ ಎಂದು ಕಣ್ಣಿಗೆ ಕಾಣುತ್ತಿದ್ದರೆ ಮಾತ್ರ ಮುಂದುವರಿಯಿರಿ. ತೆಳ್ಳನೆಯ ಮರದ ಕಡ್ಡಿಯಿಂದ, ಕಿಂಡಿಯ ಮೂಲಕ, ನುಸುಳಿ ಬಂದ ತೋಟಾದ ಅಂಚನ್ನು ಮುಂದಕ್ಕೆ ಕೊಳವೆಯ ಕಡೆಗೆ ತಳ್ಳಿ. ಪ್ರೈಮರ್ ಇರುವುದು ನಟ್ಟನಡುವೆ, ಕಡ್ಡಿ ತಾಗಬೇಕಾದ್ದು ಅಂಚಿಗೆ. ಲೋಹದ ಸ್ಕ್ರೂಡ್ರೈವರ್ ಇದಕ್ಕೆ ಬೇಡ. ತಳ್ಳುತ್ತಲೇ ಲಿವರನ್ನು ಕೂದಲೆಳೆಯಷ್ಟು ಆಚೀಚೆ ಆಡಿಸಿದರೆ ಒಂದು ಹಂತದಲ್ಲಿ ‘ಟಕ್’ ಎಂದು ತೋಟಾ ವಾಪಸ್ ಹೋಗುತ್ತದೆ.

ಹೋಗದಿದ್ದರೆ 336ರ ದೊಡ್ಡ ಅನುಕೂಲ ನೆರವಿಗೆ ಬರುತ್ತದೆ. ಲಿವರಿನ ಒಂದೇ ಒಂದು ಸ್ಕ್ರೂ ಬಿಚ್ಚಿದರೆ, ಲಿವರ್ ಅರ್ಧ ತೆರೆದ ಸ್ಥಿತಿಯಲ್ಲಿದ್ದರೆ, ಅದು ಕೆಳಕ್ಕೆ ಕಳಚಿಕೊಳ್ಳುತ್ತದೆ. ಬೋಲ್ಟ್ ಹಿಂದಕ್ಕೆ ಜಾರಿ ಕೈಗೆ ಬರುತ್ತದೆ. ಒಳಗೆ ಎಡಗೋಡೆಯ ಎಜೆಕ್ಟರ್ ಸಡಿಲವಾಗಿ ಉದುರುತ್ತದೆ, ಹಿಡಿದುಕೊಳ್ಳಿ. ವಿಂಚೆಸ್ಟರ್ 94ರಲ್ಲಿ ಇಷ್ಟು ಸುಲಭವಿಲ್ಲ. ನನಗೆ ಮಾರ್ಲಿನ್ ಹೆಚ್ಚು ಇಷ್ಟವಾಗಲು ಇದೊಂದೇ ಕಾರಣ ಸಾಕು. ಸೌಂದರ್ಯದಲ್ಲಿ 94ರ ತೆಳು ಸೊಂಟದ ಮುಂದೆ ಇದು ಸ್ವಲ್ಪ ದಪ್ಪನೆಯ ಹುಡುಗ, ಒಪ್ಪುತ್ತೇನೆ.

ಸ್ಕ್ರೂ ಬಿಚ್ಚುವ ವಿಷಯಕ್ಕೆ ಬಂದೆವು. ಅಂಗಡಿಯ ಸಾಮಾನ್ಯ ಸ್ಕ್ರೂಡ್ರೈವರ್ ತುದಿ ಬೆಣೆಯಂತೆ ಇಳಿಜಾರಾಗಿರುತ್ತದೆ. ಬಂದೂಕಿನ ಸ್ಕ್ರೂವಿನ ಸೀಳು ನೇರ ಗೋಡೆಯದು. ಇಳಿಜಾರಿನ ತುದಿ ಮೇಲಂಚಿಗೆ ಮಾತ್ರ ತಾಗಿ, ಜಾರಿ, ಅಂಚು ಎದ್ದು ಬರುತ್ತದೆ. ಹಳೆ ರೈಫಲ್ ಕೊಳ್ಳಬಂದವರ ಕಣ್ಣು ಮೊಟ್ಟಮೊದಲು ಹೋಗುವುದು ಆ ಎದ್ದ ಅಂಚಿಗೆ, ನಳಿಗೆಗಲ್ಲ. ನೇರ ಗೋಡೆಯ ಗನ್‌ಸ್ಮಿತ್ ಬಿಟ್‌ಗಳ ಒಂದು ಸೆಟ್ ಕೊಂಡಿಟ್ಟುಕೊಳ್ಳಿ. ಬಿಟ್ ಸೀಳನ್ನು ಅಗಲದಲ್ಲೂ ದಪ್ಪದಲ್ಲೂ ತುಂಬಬೇಕು.

ಕ್ಯಾರಿಯರ್ ತಳವನ್ನು ಈಗ ಬೆಳಕಿಗೆ ಹಿಡಿದು ನೋಡಿ. ಹೊಳೆಯುವ ಅಡ್ಡಗೆರೆ ಇದ್ದರೆ ಉಗುರು ಎಳೆಯಿರಿ. ಉಗುರು ತಡೆದರೆ ಕಾಲುವೆ ಬಿದ್ದಿದೆ. ಅನುಮಾನವಿದ್ದರೆ ಆ ಜಾಗಕ್ಕೆ ಕಪ್ಪು ಮಾರ್ಕರ್ ಬಳಿದು, ಜೋಡಿಸಿ, ಬರಿದಾದ ಬಂದೂಕಿನಲ್ಲಿ ಕೆಲವು ಸಲ ಲಿವರ್ ಆಡಿಸಿ, ಮತ್ತೆ ಬಿಚ್ಚಿ. ಶಾಯಿ ಅಗಲವಾಗಿ ಅಳಿಸಿದ್ದರೆ ಲಿವರ್ ಜಾರುತ್ತಿದೆ, ಒಳ್ಳೆಯದು. ಕೂದಲೆಳೆಯ ಗೆರೆಯಲ್ಲಿ ಮಾತ್ರ ಅಳಿಸಿದ್ದರೆ ಕೆರೆಯುತ್ತಿದೆ.

ಗೀರು ಈಗಷ್ಟೇ ಶುರುವಾಗಿದ್ದರೆ ಲಿವರಿನ ಚೂಪು ಅಂಚನ್ನು 600 ನಂಬರಿನ ಎಮರಿ ಕಾಗದದಿಂದ ಮುರಿದು ನುಣುಪು ಮಾಡಿದರೆ ಸಾಕು. ಮುರಿಯಬೇಕಾದ್ದು ಮೂಲೆಯ ಚೂಪನ್ನು, ಬಾಗಿನ ಆಕಾರವನ್ನಲ್ಲ. ಅರದ ಕಡೆ ಕೈ ಹೋದರೆ ವಾಪಸ್ ಎಳೆದುಕೊಳ್ಳಿ. ಕಾಲುವೆ ಆಳವಾಗಿದ್ದರೆ ದಾರಿ ಎರಡು: ಹೊಸ ಕ್ಯಾರಿಯರ್, ಅಥವಾ ಗನ್‌ಸ್ಮಿತ್ ಕೈಯಲ್ಲಿ ವೆಲ್ಡ್ ತುಂಬಿಸಿ ಹದ ಮಾಡಿಸುವುದು. ಕಾಲುವೆಯ ಮೇಲೆ ಉಕ್ಕಿನ ತೆಳು ಪಟ್ಟಿ ಅಂಟಿಸುವ ಮೂರನೆಯ ದಾರಿಯೂ ಚಾಲ್ತಿಯಲ್ಲಿದೆ. ಗುರಿ ಅಭ್ಯಾಸದ ಬಂದೂಕಿಗೆ ಅದು ನಡೆಯುತ್ತದೆ. ಅಂಟು ಕಾಡಿನಲ್ಲಿ ಬಿಟ್ಟರೆ ಆ ಪಟ್ಟಿಯೇ ಇನ್ನೊಂದು ಜಾಮ್‌ಗೆ ಕಾರಣವಾಗುತ್ತದೆ, ಹಾಗಾಗಿ ಬೇಟೆಯ ಬಂದೂಕಿಗೆ ನಾನು ಹೇಳುವುದಿಲ್ಲ. ತೆಗೆದ ಹಳೆ ಕ್ಯಾರಿಯರ್ ಎಸೆಯಬೇಡಿ, ಚೀಟಿ ಬರೆದು ಚೀಲದಲ್ಲಿಡಿ. ನಾಳೆ ಕೊಳ್ಳುವವರು ಕೇಳುತ್ತಾರೆ.

ನಳಿಗೆಯ ಬುಡದಲ್ಲಿ ಅಂಡಾಕಾರದೊಳಗೆ ‘ಜೆಎಂ’ ಮುದ್ರೆ ಇದ್ದರೆ ಈ ಮಾತು ಇನ್ನೂ ಮುಖ್ಯ. ಅದು ಕನೆಕ್ಟಿಕಟ್‌ನ ಹಳೆ ಮಾರ್ಲಿನ್ ಕಂಪನಿಯ ಗುರುತು. ಅನಂತರ ಕಂಪನಿ ರೆಮಿಂಗ್ಟನ್ ಪಾಲಾಯಿತು, ರೆಮಿಂಗ್ಟನ್ ದಿವಾಳಿಯಾದಾಗ 2020ರಲ್ಲಿ ಮಾರ್ಲಿನ್ ಅನ್ನು ರೂಗರ್ ಕಂಪನಿ ಕೊಂಡಿತು. 1973ರಿಂದ 1999ರವರೆಗಿನವಾದರೆ ವರ್ಷ ಕಂಡುಹಿಡಿಯುವುದೂ ಸುಲಭ: ಸೀರಿಯಲ್ ನಂಬರಿನ ಮೊದಲ ಎರಡು ಅಂಕಿಯನ್ನು 2000ದಿಂದ ಕಳೆಯಿರಿ. 21 ಎಂದು ಶುರುವಾದರೆ 1979ರದ್ದು. ಕ್ಯಾರಿಯರ್ ತರಿಸುವಾಗ ಈ ವರ್ಷ ಹೇಳಿ. ಬೇರೆ ಬೇರೆ ಕಾಲದ ಭಾಗಗಳು ಕಣ್ಣಿಗೆ ಒಂದೇ ಥರ ಕಂಡರೂ ಅಳತೆಯಲ್ಲಿ ತಕರಾರು ಮಾಡುತ್ತವೆ.

‘ಕ್ಲಿಕ್’ ಎಂದಿತು, ಈಡು ಹಾರಲಿಲ್ಲ

ಮೊದಲು ಬಾಯಿ ಸುರಕ್ಷಿತ ಕಡೆಗಿಟ್ಟು 30 ಸೆಕೆಂಡ್ ಕಾಯಿರಿ. ತಡವಾಗಿ ಹಾರುವ ತೋಟಾಗಳೂ ಉಂಟು. ಆಮೇಲೆ ತೋಟಾ ಹೊರತೆಗೆದು ಪ್ರೈಮರ್ ನೋಡಿ.

ಪ್ರೈಮರ್ ಮೇಲೆ ಗುರುತೇ ಇಲ್ಲವಾದರೆ ನಗು ಬರುವಂಥ ಕಾರಣವಿರಬಹುದು. 1980ರ ದಶಕದಿಂದ ಬಂದ 336ಗಳಲ್ಲಿ ರಿಸೀವರ್‌ಗೆ (ಒಳಭಾಗಗಳನ್ನು ಹೊತ್ತ ಉಕ್ಕಿನ ಮೈ) ಅಡ್ಡಲಾಗಿ ಒಂದು ಸೇಫ್ಟಿ ಗುಂಡಿ ಇದೆ. ಅದು ಹಾಕಿದ್ದರೂ ಟ್ರಿಗರ್ ಎಳೆಯುತ್ತದೆ, ಹ್ಯಾಮರ್ ಬೀಳುತ್ತದೆ, ಸದ್ದೂ ಬರುತ್ತದೆ. ಆದರೆ ಪೆಟ್ಟು ಪ್ರೈಮರ್‌ಗೆ ಬಡಿಯುವ ಫೈರಿಂಗ್ ಪಿನ್ನಿಗೆ ತಲುಪುವುದಿಲ್ಲ. ಅಜ್ಜನ ಬಂದೂಕಿನಲ್ಲಿ ಕಲಿತು ಹೊಸದನ್ನು ಹಿಡಿದವರು ಈ ಗುಂಡಿಯನ್ನು ಶಪಿಸದ ವರ್ಷವಿಲ್ಲ. ಜಿಂಕೆ ಮಾತ್ರ ಅದನ್ನು ಆಶೀರ್ವದಿಸುತ್ತಿರಬೇಕು.

ಇನ್ನೊಂದು ಕಾರಣ ವಿನ್ಯಾಸದಲ್ಲೇ ಇದೆ. ಫೈರಿಂಗ್ ಪಿನ್ ಎರಡು ತುಂಡಿನದು. ಲಾಕಿಂಗ್ ಬೋಲ್ಟ್ ಪೂರ್ತಿ ಏರಿದಾಗ ಮಾತ್ರ ಹಿಂದಿನ ತುಂಡು ಮುಂದಿನದರ ನೇರಕ್ಕೆ ಬರುತ್ತದೆ. ಲಿವರ್ ಒಂದಿಷ್ಟು ಸಡಿಲವಿದ್ದರೂ ಎರಡೂ ಸಂಧಿಸುವುದಿಲ್ಲ. ಇದು ದೋಷವಲ್ಲ, ಬೀಗ ಬೀಳದೆ ಈಡು ಹಾರದಿರಲೆಂದು ಇಟ್ಟ ಕಾವಲು. ಲಿವರನ್ನು ಹಿಡಿಗೆ ಒತ್ತಿ ಹಿಡಿಯದಿದ್ದರೆ ಟ್ರಿಗರ್ರೇ ಅಲುಗದಂತೆ ಇನ್ನೊಂದು ತಡೆಯೂ ಇದೆ. ಟ್ರಿಗರ್ ಸಡಿಲವಾಗಿ ಲೊಟಲೊಟ ಅನ್ನುವುದು ಮಾತ್ರ ಹಳೆ ಮಾರ್ಲಿನ್‌ಗಳ ಹುಟ್ಟುಗುಣ. ಅದಕ್ಕೆ ಔಷಧಿ ಹುಡುಕುತ್ತಾ ದುಡ್ಡು ಕಳೆಯಬೇಡಿ.

ಗುರುತು ಇದೆ ಆದರೆ ತೀರಾ ತೆಳುವಾಗಿದೆ ಎಂದರೆ ಪೆಟ್ಟು ಮೆತ್ತಗಾಗಿದೆ. ಪೆನ್ಸಿಲ್ವೇನಿಯಾದ ರೈಫಲ್ ಸೀಸನ್ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಶನಿವಾರ ಶುರು, ನವೆಂಬರ್ ಕೊನೆಯ ಚಳಿ. ಬೇಸಿಗೆಯಲ್ಲಿ ಧಾರಾಳವಾಗಿ ತುಂಬಿದ ಗ್ರೀಸ್ ಆ ಹೊತ್ತಿಗೆ ಹ್ಯಾಮರ್ ಸುತ್ತ ಬೆಲ್ಲದ ಪಾಕದ ಹದಕ್ಕೆ ಬಂದಿರುತ್ತದೆ. ಬೋಲ್ಟ್ ಮತ್ತು ಹ್ಯಾಮರ್ ಸುತ್ತ ಮಿನರಲ್ ಸ್ಪಿರಿಟ್‌ನಿಂದ ತೊಳೆದು, ಒಣಗಿಸಿ, ತೆಳು ಎಣ್ಣೆಯ ಒಂದೆರಡು ಹನಿ ಹಾಕಿ. ಆಮೇಲೂ ಹಾಗೇ ಇದ್ದರೆ ಹ್ಯಾಮರ್ ಸ್ಪ್ರಿಂಗ್ ಸೋತಿದೆ. ಸ್ಪ್ರಿಂಗಿನ ಒಂದೆರಡು ಸುತ್ತು ಕತ್ತರಿಸಿ ಟ್ರಿಗರ್ ಹಗುರ ಮಾಡಿಕೊಂಡ ಹಿಂದಿನ ಮಾಲೀಕನಿದ್ದರೂ ಇದೇ ಲಕ್ಷಣ.

ಖಾಲಿ ಕೋಶ ಹೊರಬಾರದಿದ್ದರೆ

ಬಂದೂಕನ್ನು ಈಚೆಗಷ್ಟೇ ಬಿಚ್ಚಿ ಜೋಡಿಸಿದ್ದೀರಾ? ಹಾಗಾದರೆ ಎಜೆಕ್ಟರ್ ಮೇಜಿನ ಕೆಳಗೆ ಬಿದ್ದಿರಬೇಕು, ಹುಡುಕಿ. ಇಲ್ಲವಾದರೆ ಬೋಲ್ಟ್ ತುದಿಯ ಎಕ್ಸ್‌ಟ್ರ್ಯಾಕ್ಟರ್ ಕೊಕ್ಕೆಯ ಕೆಳಗೆ ಹಿತ್ತಾಳೆಯ ಚೂರು ಸೇರಿದೆಯೇ, ಕೊಕ್ಕೆಯ ತುದಿ ಮುಕ್ಕಾಗಿದೆಯೇ ನೋಡಿ. ಚೇಂಬರ್‌ನಲ್ಲಿ ತುಕ್ಕಿನ ಗುಳಿಗಳಿದ್ದರೆ ಕೋಶ ಅದರೊಳಕ್ಕೆ ಉಬ್ಬಿ ಕಚ್ಚಿಕೊಳ್ಳುತ್ತದೆ. ಅದಕ್ಕೆ ಮನೆಮದ್ದಿಲ್ಲ.

ಕೊಳವೆಯಿಂದ ತೋಟಾ ಬರದಿದ್ದರೆ

336ರ ಕೊಳವೆಯಲ್ಲಿ 6 ತೋಟಾ ಹಿಡಿಯುತ್ತವೆ. ಡಮ್ಮಿ ತುಂಬಿ ಒಂದೊಂದೇ ತೆಗೆಯಿರಿ. ಕೊನೆಯ ಒಂದೆರಡು ಮಾತ್ರ ಸೋಮಾರಿತನ ಮಾಡಿದರೆ ಕೊಳವೆಯೊಳಗಿನ ಸ್ಪ್ರಿಂಗ್ ಸೋತಿದೆ. ಪ್ರತಿ ಸಲ ಒಂದೇ ಜಾಗದಲ್ಲಿ ತಡೆದರೆ ಕೊಳವೆ ಹೊರಗಿನಿಂದ ನೆಗ್ಗಿದೆ, ಬೆರಳಾಡಿಸಿದರೆ ತಗ್ಗು ಸಿಗುತ್ತದೆ. ತುಂಬುವಾಗಲೇ ತೋಟಾ ಒಳಗೆ ಹೋಗದೆ ಬಾಗಿಲಲ್ಲಿ ಹಿಡಿದರೆ ಲೋಡಿಂಗ್ ಗೇಟಿನ ಸ್ಕ್ರೂ ಸಡಿಲವಾಗಿದೆ. ಹಿಮ್ಮೆಟ್ಟಿನ ಪೆಟ್ಟಿಗೆ ಅದು ಸಡಿಲವಾಗುವುದು ಸಹಜ. ಬಿಗಿ ಮಾಡಿ, ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಸೂಜಿಮೊನೆಯಷ್ಟು ಹಾಕಿ. ಕೆಂಪು ಹಾಕಿದರೆ ಮುಂದೆ ಬಿಚ್ಚುವವರು ನಿಮ್ಮ ಹೆಸರು ಹೇಳಿ ಬೈಯುತ್ತಾರೆ.

ಮನೆಯಲ್ಲಿರುವುದು ವಿಂಚೆಸ್ಟರ್ 94 ಆದರೆ

ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ ಇದಕ್ಕೂ ಓಟದ ಲೆಕ್ಕ ಅನ್ವಯಿಸುತ್ತದೆ, ಆದರೆ ಕ್ಯಾರಿಯರ್ ಮೇಲೇಳುವುದು ಲಿವರ್ ತೆರೆಯುವ ಕೊನೆಯಲ್ಲಿ. ಇಲ್ಲಿ ಮೊದಲು ನೋಡಬೇಕಾದ್ದು ಒಳಗೋಡೆಗಳಲ್ಲಿ ತೋಟಾಕ್ಕೆ ದಾರಿ ತೋರುವ ಎರಡು ಗೈಡ್‌ಗಳ ಸ್ಕ್ರೂ, ಅವು ರಿಸೀವರ್ ಹೊರಮೈಯಲ್ಲೇ ಕಾಣುತ್ತವೆ. 1964ರಲ್ಲಿ ಖರ್ಚು ಉಳಿಸಲು ಕಂಪನಿ ಈ ಮಾದರಿಯಲ್ಲಿ ಹಲವು ಭಾಗ ಬದಲಿಸಿತು. ಕೆತ್ತಿದ ಉಕ್ಕಿನ ಕ್ಯಾರಿಯರ್ ಜಾಗಕ್ಕೆ ತಗಡಿನದು, ಗಟ್ಟಿ ಪಿನ್‌ಗಳ ಜಾಗಕ್ಕೆ ಸುರುಳಿ ಪಿನ್‌ಗಳು ಬಂದವು. ‘64ಕ್ಕೆ ಮುಂಚಿನದು’ ಎಂದರೆ ಬೆಲೆ ಏರುವುದು ಇದಕ್ಕೇ. ಅಂಥದ್ದು ನಿಮ್ಮಲ್ಲಿದ್ದು ಬಣ್ಣ ಮಾಸಿದ್ದರೆ ಹಾಗೇ ಬಿಡಿ. ಹೊಸದಾಗಿ ಬ್ಲೂಯಿಂಗ್ (ಉಕ್ಕಿಗೆ ಕೊಡುವ ನೀಲಿಗಪ್ಪು ಬಣ್ಣ) ಹೊಡೆಸಿದ ದಿನವೇ ಅರ್ಧ ಬೆಲೆ ಹೋಯಿತೆಂದುಕೊಳ್ಳಿ. ಒಳಭಾಗ ಬಿಚ್ಚುವುದಂತೂ ಕೈ ಪಳಗಿದವರಿಗೇ ಸರಿ.

ರಿಪೇರಿಯ ನಂತರ ಡಮ್ಮಿ ತೋಟಾ ತುಂಬಿ, ಮೊದಲು ನಿಧಾನವಾಗಿ, ಆಮೇಲೆ ಬೇಟೆಯಲ್ಲಿ ಆಡಿಸುವ ವೇಗದಲ್ಲಿ ಕೊಳವೆ ಖಾಲಿ ಮಾಡಿ ನೋಡಿ. ಗುರಿ ಅಭ್ಯಾಸದ ಮೈದಾನದಲ್ಲಿ ಮೊದಲ ಸಲ ಎರಡೇ ನಿಜವಾದ ತೋಟಾ ಹಾಕಿ. ಮಾರ್ಲಿನ್ ಜಾಮ್ ಕಾಣಿಸಿಕೊಳ್ಳಲು ಹಿಂದೆ ಇನ್ನೊಂದು ತೋಟಾ ಒತ್ತುತ್ತಿರಬೇಕು. ಒಂದನ್ನೇ ಹಾಕಿ ಹೊಡೆದು ಸರಿಯಾಯಿತೆಂದುಕೊಂಡರೆ ಪರೀಕ್ಷೆಯೇ ಆಗಿಲ್ಲ. ಎರಡು ಸಲೀಸಾದರೆ ಆರೂ ತುಂಬಿ ಹೊಡೆಯಿರಿ. ಮನೆಗೆ ಬಂದು ಮತ್ತೆ ಬಿಚ್ಚಿ, ಕ್ಯಾರಿಯರ್ ತಳದ ಮಾರ್ಕರ್ ಶಾಯಿ ಯಾವ ಆಕಾರದಲ್ಲಿ ಅಳಿಸಿದೆ ನೋಡಿ.